ಬಿರುಕೇ ಹಾದಿಯಾದಾಗ

ಸಂತೆಯಲ್ಲಿ ಮಡಕೆ ಕೊಳ್ಳುವ ಗೃಹಿಣಿ ಅದನ್ನು ಕಣ್ಣಿನಿಂದ ನೋಡಿದಷ್ಟಕ್ಕೇ ತೃಪ್ತಳಾಗುವುದಿಲ್ಲ. ಎಡಗೈಯಿಂದ ಕಂಠವನ್ನು ಹಿಡಿದೆತ್ತಿ, ಬಲಗೈಯ ಬೆರಳ ಗೆಣ್ಣಿನಿಂದ ಒಂದೆರಡು ಬಾರಿ ತಟ್ಟಿ, ಕಿವಿಗೊಟ್ಟು ಕೇಳುತ್ತಾಳೆ. ಠಣ್ಣೆಂದು ನುಡಿದರೆ ಮಡಕೆ ಮನೆಗೆ ಬರುತ್ತದೆ; ಬೊದ್ದೆಂದರೆ ಕುಂಬಾರನ ರಾಶಿಗೇ ಹಿಂತಿರುಗುತ್ತದೆ. ಕಣ್ಣಿಗೆ ಬೀಳದ ಕೂದಲೆಳೆಯಂಥ ಸೀಳನ್ನು ಕಿವಿಯಿಂದ ಕಂಡುಹಿಡಿಯುವ ಈ ವಿದ್ಯೆಗೆ ಯಾವ ಶಾಸ್ತ್ರಗ್ರಂಥದ ಅಪ್ಪಣೆಯೂ ಬೇಕಾಗಲಿಲ್ಲ.

ಇದರ ಕಾರಣ ಸರಳವಾದುದು. ಒಡಕಿಲ್ಲದ ಮಡಕೆಯನ್ನು ತಟ್ಟಿದಾಗ ಅಲೆಗಳು ಅದರ ಮೈಯನ್ನೆಲ್ಲ ಸುತ್ತಿ ಬರುತ್ತವೆ, ಇಡೀ ಮಡಕೆ ಒಂದಾಗಿ ಕಂಪಿಸುತ್ತದೆ. ಸೀಳಿದ್ದರೆ ಅದರ ಎರಡು ಅಂಚುಗಳು ಒಂದನ್ನೊಂದು ಉಜ್ಜಿ, ಕಂಪನದ ಶಕ್ತಿಯನ್ನು ಅಲ್ಲಿಯೇ ನುಂಗಿಬಿಡುತ್ತವೆ. ಆದ್ದರಿಂದ ಬಿರುಕೆಂಬುದು ಅಲೆಗೆ ಅಡ್ಡಗೋಡೆ ಎಂಬ ಭಾವನೆ ಜನರಲ್ಲಿಯೂ ಬಹುಕಾಲದವರೆಗೆ ವಿಜ್ಞಾನಿಗಳಲ್ಲಿಯೂ ಬೇರೂರಿತ್ತು. ಭಾವನೆ ತಪ್ಪಲ್ಲ, ಆದರೆ ಅರ್ಧ ಮಾತ್ರ ನಿಜ. ಅಲೆಯನ್ನು ತಡೆಯುವ ಅದೇ ಬಿರುಕು, ಬೇರೊಂದು ಬಗೆಯ ಅಲೆಗೆ ರಾಜಮಾರ್ಗವಾಗಬಲ್ಲುದು. ಕಲ್ಲಿನ ಒಡಲಲ್ಲಿ ಸೀಳಿನ ಗುಂಟ ಹರಿಯುವ ಈ ಅಲೆಗಳ ಕಥೆ ಗಣಿಯ ಆಳದಿಂದ ಜ್ವಾಲಾಮುಖಿಯ ಬಾಯಿಯವರೆಗೆ ಹಬ್ಬಿದೆ.

ಘನವಸ್ತುವಿನ ಒಳಗೆ ಚಲಿಸುವ ಅಲೆಗಳು ಎರಡೇ ಬಗೆಯವು ಎಂಬುದು 19ನೆಯ ಶತಮಾನದ ಮೊದಲರ್ಧದಲ್ಲಿಯೇ ಗಣಿತಜ್ಞರಿಗೆ ತಿಳಿದಿತ್ತು. ಒಂದು, ತಾನು ಸಾಗುವ ದಿಕ್ಕಿನಲ್ಲಿಯೇ ವಸ್ತುವನ್ನು ಒತ್ತಿ ಸಡಿಲಿಸುತ್ತ ಹೋಗುವ ಒತ್ತಿನ ಅಲೆ. ಇನ್ನೊಂದು, ವಸ್ತುವನ್ನು ಅಡ್ಡಡ್ಡ ಅಲುಗಿಸುತ್ತ ಹೋಗುವ ಅಡ್ಡ ಅಲೆ. ಗಟ್ಟಿಯಾದ ಗ್ರಾನೈಟ್ ಶಿಲೆಯಲ್ಲಿ ಮೊದಲನೆಯದು ಸೆಕೆಂಡಿಗೆ 5ರಿಂದ 6 ಕಿಲೋಮೀಟರು ಓಡಿದರೆ, ಎರಡನೆಯದು ಸುಮಾರು 3 ಕಿಲೋಮೀಟರು ಕ್ರಮಿಸುತ್ತದೆ. ಇವೆರಡೂ ವಸ್ತುವಿಗೆ ಎಲ್ಲೆಯೇ ಇಲ್ಲವೆಂದು ಭಾವಿಸಿ ಮಾಡಿದ ಲೆಕ್ಕದ ಫಲ. ಆದರೆ ಲೋಕದಲ್ಲಿ ಎಲ್ಲೆಯಿಲ್ಲದ ವಸ್ತು ಎಲ್ಲಿದೆ? ಕಲ್ಲಿಗೆ ಮೇಲ್ಮೈಯುಂಟು, ತಗಡಿಗೆ ಅಂಚುಂಟು.

ಈ ಪ್ರಶ್ನೆಯನ್ನು 1885ರಲ್ಲಿ ಇಂಗ್ಲೆಂಡಿನ ಲಾರ್ಡ್ ರೇಲೀ ಕೈಗೆತ್ತಿಕೊಂಡರು. ಮುಂದೆ ಆರ್ಗಾನ್ ಅನಿಲವನ್ನು ಕಂಡುಹಿಡಿದುದಕ್ಕಾಗಿ 1904ರ ನೊಬೆಲ್ ಪಾರಿತೋಷಕವನ್ನು ಪಡೆದ ಮಹಾಶಯರೇ ಇವರು. ಯಾವ ಉಪಕರಣವನ್ನೂ ಮುಟ್ಟದೆ, ಬರಿಯ ಲೇಖನಿಯ ಬಲದಿಂದ ಅವರು ಮೂರನೆಯ ಅಲೆಯೊಂದನ್ನು ಗಣಿತದಿಂದ ಹೊರತೆಗೆದರು. ಅದು ಮೇಲ್ಮೈಗೆ ಅಂಟಿಕೊಂಡೇ ಸಾಗುವ ಅಲೆ. ಒಂದು ಅಲೆಯ ಉದ್ದದಷ್ಟು ಆಳಕ್ಕೆ ಇಳಿಯುವಷ್ಟರಲ್ಲಿ ಅದು ಬಹುಮಟ್ಟಿಗೆ ಇಲ್ಲವಾಗಿರುತ್ತದೆ. ಅದರ ವೇಗ ಅಡ್ಡ ಅಲೆಯ ವೇಗದ ಹತ್ತರಲ್ಲಿ ಒಂಬತ್ತು ಪಾಲಿಗಿಂತ ತುಸು ಹೆಚ್ಚು. ಅಂಟಿಕೊಂಡಿರುವುದರಲ್ಲಿ ಒಂದು ಲಾಭವುಂಟು: ಒಳಗಿನ ಅಲೆ ಎಲ್ಲ ದಿಕ್ಕಿಗೂ ಚದರಿ ಬೇಗ ಸೊರಗುತ್ತದೆ, ಮೇಲ್ಮೈಯ ಅಲೆ ಕೊಳದ ನೀರಿನ ಉಂಗುರದಂತೆ ಹರಡುವುದರಿಂದ ದೂರದವರೆಗೆ ತನ್ನ ಕಸುವನ್ನು ಉಳಿಸಿಕೊಳ್ಳುತ್ತದೆ. ಭೂಕಂಪದಲ್ಲಿ ಇದರ ಪಾತ್ರ ದೊಡ್ಡದಿರಬಹುದೆಂದು ರೇಲೀ ಸೂಚಿಸಿದ್ದರು. 1897ರ ಜೂನ್ 12ರಂದು ಅಸ್ಸಾಮನ್ನು ನಡುಗಿಸಿದ ಮಹಾಭೂಕಂಪವನ್ನು ಅಧ್ಯಯನ ಮಾಡಿದ ಭಾರತೀಯ ಭೂವಿಜ್ಞಾನ ಸರ್ವೇಕ್ಷಣ ಸಂಸ್ಥೆಯ ಓಲ್ಡ್‌ಹ್ಯಾಮ್, ದೂರದೂರದ ಯಂತ್ರಗಳ ದಾಖಲೆಗಳಲ್ಲಿ ಮೂರು ಅಲೆಗಳ ಗುಂಪುಗಳನ್ನು ಬೇರ್ಪಡಿಸಿ ತೋರಿಸಿದಾಗ, ಕೊನೆಯಲ್ಲಿ ಬರುವ ದೊಡ್ಡ ಗುಂಪು ಭೂಮಿಯ ಮೈಮೇಲೆ ಬಂದುದೆಂಬುದು ಸ್ಪಷ್ಟವಾಯಿತು.

(ಬಿಜಾಪುರದ ಗೋಳಗುಮ್ಮಟದಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ ಮಾತು ಎದುರು ಬದಿಯಲ್ಲಿ ಕೇಳಿಬರುವುದು ವಾಚಕರಿಗೆ ಗೊತ್ತೇ ಇದೆ. ಗೋಡೆಗೆ ಅಂಟಿಕೊಂಡು ಬರುವ ಆ ಅಲೆ ಇದರ ಸೋದರಸಂಬಂಧಿ. ಆದರೆ ಗಾಳಿಯಲ್ಲಿ ಸಾಗುವಂಥದು. ಲಂಡನ್ನಿನ ಸೇಂಟ್ ಪಾಲ್ ಮಂದಿರದ ಗುಮ್ಮಟದಲ್ಲಿ ಕೇಳುವ ಇಂಥದೇ ಪಿಸುಮಾತಿಗೆ ವಿವರಣೆ ಕೊಟ್ಟವರೂ ರೇಲೀಯವರೇ. 1921ರಲ್ಲಿ ಅದೇ ಗುಮ್ಮಟದಲ್ಲಿ ಮತ್ತೆ ಪರೀಕ್ಷೆ ನಡೆಸಿದವರು ಸಿ. ವಿ. ರಾಮನ್.)

ರೇಲೀ ಅಲೆಯನ್ನು ಗಣಿತವರಿಯದ ಪ್ರಾಣಿಗಳೂ ಬಳಸಿಕೊಳ್ಳುತ್ತವೆ. ಅಮೆರಿಕದ ಮೊಹಾವಿ ಮರುಭೂಮಿಯ ಚೇಳು, ಮರಳಿನ ಮೇಲೆ ಹುಳು ನಡೆದಾಗ ಏಳುವ ಅಲೆಯನ್ನು ತನ್ನ ಎಂಟು ಕಾಲುಗಳಿಂದ ಗ್ರಹಿಸಿ, ಬೇಟೆಯಿರುವ ದಿಕ್ಕನ್ನು ಕಂಡುಕೊಳ್ಳುತ್ತದೆಯೆಂದು 1977ರಲ್ಲಿ ಫಿಲಿಪ್ ಬ್ರೌನೆಲ್ ತೋರಿಸಿದರು. ಸಡಿಲ ಮರಳಿನಲ್ಲಿ ಈ ಅಲೆಯ ವೇಗ ಸೆಕೆಂಡಿಗೆ ಸುಮಾರು 50 ಮೀಟರು ಮಾತ್ರ. ಆದುದರಿಂದಲೇ ಒಂದು ಕಾಲಿಗೂ ಇನ್ನೊಂದು ಕಾಲಿಗೂ ಅಲೆ ಮುಟ್ಟುವ ವೇಳೆಯ ಅಂತರವನ್ನು ಚೇಳು ಅರಿಯಬಲ್ಲುದು. ಮನುಷ್ಯನೂ ಹಿಂದೆ ಬೀಳಲಿಲ್ಲ. 1965ರಲ್ಲಿ ಕ್ಯಾಲಿಫೋರ್ನಿಯದ ವೈಟ್ ಮತ್ತು ವೋಲ್ಟ್‌ಮರ್ ಎಂಬವರು ಹರಳಿನ ಮೇಲೆ ಬಾಚಣಿಗೆಯ ಹಲ್ಲುಗಳಂತೆ ಲೋಹದ ಗೆರೆಗಳನ್ನು ಕೂರಿಸಿ, ವಿದ್ಯುತ್ತಿನಿಂದ ನೇರವಾಗಿ ಮೇಲ್ಮೈ ಅಲೆಗಳನ್ನು ಎಬ್ಬಿಸಿದರು. ಈ ಉಪಾಯ ಮೊದಲು ಟೆಲಿವಿಷನ್ ಪೆಟ್ಟಿಗೆಗಳಲ್ಲಿಯೂ ಅನಂತರ ಮೊಬೈಲ್ ಫೋನುಗಳಲ್ಲಿಯೂ ಬೇಡದ ಸಂಕೇತಗಳನ್ನು ಸೋಸುವ ಜರಡಿಯಾಯಿತು. ಇನ್ನು ತೆಳುವಾದ ತಗಡಿನ ಅಂಚಿನ ಗುಂಟ ಮಾತ್ರ ಬಾಗುತ್ತ ಬಳುಕುತ್ತ ಸಾಗುವ ಅಲೆಯೊಂದನ್ನು 1960ರಲ್ಲಿ ರಷ್ಯದ ಕೊನೆಂಕೊವ್ ಲೆಕ್ಕಹಾಕಿದರು. ಬೆಣೆಯ ಚೂಪಾದ ಅಂಚಿನಲ್ಲಿ ಓಡುವ ಅಲೆಗಳು 1970ರ ದಶಕದಲ್ಲಿ ಬೆಳಕಿಗೆ ಬಂದುವು. ಎಲ್ಲಿ ಎಲ್ಲೆಯುಂಟೋ ಅಲ್ಲೊಂದು ಅಲೆಯುಂಟು ಎನ್ನುವಂತಾಯಿತು.

ಆದರೆ ಬಿರುಕಿನದು ಇವೆಲ್ಲಕ್ಕಿಂತ ಜಟಿಲವಾದ ಸಮಸ್ಯೆ. ಬಿರುಕೆಂದರೆ ಎದುರುಬದುರಾಗಿ ನಿಂತ ಎರಡು ಮೇಲ್ಮೈಗಳು. ಅವು ಪೂರ್ತಿಯಾಗಿ ಅಂಟಿಕೊಂಡರೆ ಬಿರುಕೇ ಇಲ್ಲ; ಪೂರ್ತಿಯಾಗಿ ಬೇರ್ಪಟ್ಟರೆ ಎರಡು ಬೇರೆ ಬೇರೆ ಕಲ್ಲುಗಳು. ಎರಡು ವಿಭಿನ್ನ ಶಿಲೆಗಳು ಗಟ್ಟಿಯಾಗಿ ಬೆಸೆದುಕೊಂಡ ಗಡಿಯಲ್ಲಿ ಸಾಗುವ ಅಲೆಯನ್ನು 1924ರಲ್ಲಿಯೇ ಸ್ಟೋನ್ಲಿ ಎಂಬ ಗಣಿತಜ್ಞರು ವಿವರಿಸಿದ್ದರು. ಆದರೆ ಒಂದೇ ಶಿಲೆ ಸೀಳಿದಾಗ ಅದರ ಎರಡು ಮೈಗಳು ಬೆಸೆದೂ ಇರುವುದಿಲ್ಲ, ಬಿಟ್ಟೂ ಇರುವುದಿಲ್ಲ. ಎರಡು ಅಂಗೈಗಳನ್ನು ಜೋಡಿಸಿ ನೋಡಿದರೆ ಈ ಮಾತು ತಿಳಿಯುತ್ತದೆ. ಅಲ್ಲಲ್ಲಿ ಉಬ್ಬುಗಳು ತಾಗುತ್ತವೆ, ನಡುನಡುವೆ ಪೊಳ್ಳು ಉಳಿಯುತ್ತದೆ. ಗಟ್ಟಿಯಾಗಿ ಒತ್ತಿದಷ್ಟೂ ತಾಗುವ ಜಾಗ ಹೆಚ್ಚುತ್ತದೆ. ಇದನ್ನೇ ವಿಜ್ಞಾನಿಗಳು ಎರಡು ಹಲಗೆಗಳ ನಡುವೆ ಲೆಕ್ಕವಿಲ್ಲದಷ್ಟು ಪುಟ್ಟ ಸ್ಪ್ರಿಂಗುಗಳನ್ನು ಇಟ್ಟಂತೆ ಎಂದು ಕಲ್ಪಿಸುತ್ತಾರೆ. ಸ್ಪ್ರಿಂಗು ಗಡುಸಾದಷ್ಟೂ ಬಿರುಕು ಬಿಗಿ.

1987ರಲ್ಲಿ ಲಾರಾ ಪೈರಕ್-ನೋಲ್ಟಿ ಎಂಬ ವಿದುಷಿಯೂ ನೆವಿಲ್ ಕುಕ್ ಎಂಬ ಹಿರಿಯ ವಿಜ್ಞಾನಿಯೂ ಕೂಡಿ ಇಂಥ ಬಿರುಕಿನ ಗುಂಟ ಸಾಗುವ ಅಲೆಗಳ ಗಣಿತವನ್ನು ಪ್ರಕಟಿಸಿದರು. ಬಿರುಕಿನ ಎರಡು ಮೈಗಳ ಮೇಲೆ ಇರುವ ಎರಡು ರೇಲೀ ಅಲೆಗಳು, ನಡುವಣ ಸ್ಪ್ರಿಂಗುಗಳ ಮೂಲಕ ಒಂದರ ಕೈಯನ್ನೊಂದು ಹಿಡಿದು, ಜೋಡಿಯಾಗಿ ಓಡುತ್ತವೆ. ಜೋಡಿಯಾಗುವುದಕ್ಕೆ ಎರಡು ದಾರಿಗಳಿವೆ: ಎರಡು ಮೈಗಳೂ ಒಂದಕ್ಕೊಂದು ಕನ್ನಡಿಯ ಬಿಂಬದಂತೆ ಅಲುಗಬಹುದು, ಇಲ್ಲವೆ ಒಂದರ ಚಲನೆಗೆ ಇನ್ನೊಂದು ವ್ಯತಿರಿಕ್ತವಾಗಿ ಬಾಗಬಹುದು. ಆದ್ದರಿಂದ ಅಲೆಗಳೂ ಎರಡು. ಒಂದು ಚುರುಕು, ಒಂದು ನಿಧಾನ. ಈಗ ಇಲ್ಲಿರುವ ಚಮತ್ಕಾರವನ್ನು ನೋಡಬೇಕು. ಬಿರುಕು ಬಾಯ್ದೆರೆದು ಸಡಿಲವಾಗಿದ್ದರೆ ಅಲೆಯ ವೇಗ ರೇಲೀ ಅಲೆಯ ವೇಗಕ್ಕೆ ಇಳಿಯುತ್ತದೆ. ಬಿಗಿಯಾಗಿ ಅದುಮಿದ್ದರೆ ಅಡ್ಡ ಅಲೆಯ ವೇಗದತ್ತ ಏರುತ್ತದೆ. ಎರಡರ ನಡುವಿನ ಅಂತರ ನೂರಕ್ಕೆ ಹತ್ತಕ್ಕೂ ಕಡಿಮೆ. ಆ ಇಕ್ಕಟ್ಟಾದ ಪಟ್ಟಿಯಲ್ಲಿ ಅಲೆ ಎಲ್ಲಿ ನಿಂತಿದೆಯೆಂಬುದನ್ನು ಅಳೆದರೆ, ಕಲ್ಲನ್ನು ಒಡೆಯದೆಯೆ, ಒಳಗಿನ ಬಿರುಕು ಎಷ್ಟು ಗಟ್ಟಿಯಾಗಿ ಮುಚ್ಚಿಕೊಂಡಿದೆಯೆಂಬುದನ್ನು ಹೇಳಬಹುದು! ಐದು ವರ್ಷಗಳ ಅನಂತರ, 1992ರಲ್ಲಿ, ಈ ಅಲೆಗಳನ್ನು ಪ್ರಯೋಗಶಾಲೆಯಲ್ಲಿಯೂ ಹಿಡಿದು ತೋರಿಸಲಾಯಿತು.

ಬಿರುಕಿನ ಬಿಗುವನ್ನು ಅಳೆಯುವ ಈ ಹಂಬಲ ಬರಿಯ ಪಾಂಡಿತ್ಯದ ವಿಲಾಸವಾಗಿರಲಿಲ್ಲ. ನೆವಿಲ್ ಕುಕ್ ದಕ್ಷಿಣ ಆಫ್ರಿಕದವರು. ಜೋಹಾನ್ಸ್‌ಬರ್ಗಿನ ಬಳಿಯ ಆಳವಾದ ಚಿನ್ನದ ಗಣಿಯೊಂದರಲ್ಲಿ ಕಂಪನಗ್ರಾಹಕಗಳನ್ನು ಹೂಡಿ, ಬಂಡೆ ಎಲ್ಲೆಲ್ಲಿ ಸಿಡಿಯುತ್ತದೆಯೆಂಬುದನ್ನು ಅಲೆಗಳಿಂದಲೇ ಗುರುತಿಸಿ 1963ರಲ್ಲಿ ಪ್ರಕಟಿಸಿದವರು. ಬಂಡೆ ಸಿಡಿಯುವುದೆಂದರೆ ಏನೆಂಬುದನ್ನು ಕೋಲಾರದ ಚಿನ್ನದ ಗಣಿಯ ಕುಟುಂಬಗಳಿಗೆ ಯಾರೂ ವಿವರಿಸಬೇಕಾಗಿಲ್ಲ.

ಅಲ್ಲಿನ ಚಾಂಪಿಯನ್ ರೀಫ್ ಗಣಿ ನೆಲದಿಂದ 3 ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಪ್ರತಿ ಚದರ ಸೆಂಟಿಮೀಟರು ಶಿಲೆಯ ಮೇಲೆ ಸುಮಾರು 800 ಕಿಲೋಗ್ರಾಂ ತೂಕ ಕುಳಿತಿರುತ್ತದೆ. ಅದಿರನ್ನು ತೆಗೆದು ಪೊಳ್ಳು ಮಾಡಿದಂತೆಲ್ಲ, ಆ ತೂಕವನ್ನು ಉಳಿದ ಕಂಬಗಳೂ ಗೋಡೆಗಳೂ ಹೊರಬೇಕಾಗುತ್ತದೆ. ಕಲ್ಲು ಮೆತ್ತಗಿದ್ದರೆ ನಿಧಾನವಾಗಿ ಬಾಗಿ ಮುನ್ಸೂಚನೆ ಕೊಟ್ಟೀತು. ಕೋಲಾರದ ಕಲ್ಲು ಗಡುಸು. ಒತ್ತಡವನ್ನು ಕೊನೆಯವರೆಗೆ ಸಹಿಸಿ, ಒಂದು ಕ್ಷಣದಲ್ಲಿ ಒಡೆಯುತ್ತದೆ. ಆಗ ಗೋಡೆಯೇ ತುಂಡುತುಂಡಾಗಿ ಸುರಂಗದೊಳಕ್ಕೆ ಎಸೆಯಲ್ಪಡುತ್ತದೆ. ದೊಡ್ಡ ಸಿಡಿತವಾದರೆ ಮೇಲೆ ಊರಿನ ಮನೆಗಳೂ ನಡುಗುತ್ತಿದ್ದುವು; ಅಡಿಗೆಮನೆಯಲ್ಲಿ ಪಾತ್ರೆ ಸದ್ದಾದೊಡನೆ, ಪಾಳಿಗೆ ಇಳಿದ ಗಂಡನ ನೆನಪಿನಿಂದ ಬಾಗಿಲಿಗೆ ಓಡಿಬರುವುದು ಆ ಊರಿನ ಹೆಂಗಸರಿಗೆ ಹೊಸದಾಗಿರಲಿಲ್ಲ. ಗಣಿಗಾರರೂ ತಮ್ಮ ಮಟ್ಟಿಗೆ ಮಡಕೆಯ ಪರೀಕ್ಷೆಯನ್ನೇ ನಡೆಸುತ್ತಿದ್ದರು: ಕೆಲಸ ಮಾಡುವ ಮುನ್ನ ಮೇಲ್ಛಾವಣಿಯ ಬಂಡೆಯನ್ನು ಸಲಾಕೆಯಿಂದ ತಟ್ಟಿ, ಪೊಳ್ಳು ಸದ್ದು ಬಂದರೆ ಎಚ್ಚರಗೊಳ್ಳುವುದು ಗಣಿಗಳಲ್ಲಿ ಎಲ್ಲೆಡೆಯೂ ಇರುವ ಪದ್ಧತಿ. ಆದರೆ ಸಲಾಕೆಯ ಸದ್ದು ಕೆಲವು ಅಡಿಗಳಿಗಿಂತ ಆಳದ ಸುದ್ದಿಯನ್ನು ತರಲಾರದು.

ನೆಲದೊಳಗಿನ ಅಣುಸ್ಫೋಟಗಳನ್ನು ಕದ್ದು ಕೇಳುವುದಕ್ಕಾಗಿ 1965ರಲ್ಲಿ ಗೌರಿಬಿದನೂರಿನಲ್ಲಿ ಸ್ಥಾಪಿತವಾದ ಕಂಪನ ಕೇಂದ್ರದ ಸೂಕ್ಷ್ಮಯಂತ್ರಗಳು ಕೋಲಾರದ ಸಿಡಿತಗಳನ್ನೂ ಕೇಳಿಸಿಕೊಂಡುವು. ಅನಂತರ ಗಣಿಯ ಪ್ರದೇಶದಲ್ಲಿಯೇ ಭಾಭಾ ಅಣು ಸಂಶೋಧನ ಕೇಂದ್ರದ ನೆರವಿನಿಂದ ಕಂಪನಗ್ರಾಹಕಗಳ ಜಾಲವೊಂದು ಏರ್ಪಟ್ಟಿತು. 1988ರಲ್ಲಿ ರಾಷ್ಟ್ರೀಯ ಶಿಲಾಯಾಂತ್ರಿಕ ಸಂಸ್ಥೆ ಅಲ್ಲಿಯೇ ಹುಟ್ಟಿಕೊಂಡಿತು. ಗಣಿ 2001ರಲ್ಲಿ ಮುಚ್ಚಿತು. ಆದರೆ ಕಲ್ಲಿಗೆ ಆ ಸುದ್ದಿ ಮುಟ್ಟಲಿಲ್ಲ. ಪಂಪುಗಳು ನಿಂತ ಮೇಲೆ ನೀರು ಸುರಂಗಗಳಲ್ಲಿ ಏರಿ, ಹಳೆಯ ಬಿರುಕುಗಳಿಗೆ ನುಗ್ಗಿ, ಅವುಗಳ ಬಿಗುವನ್ನು ಸಡಿಲಿಸಿದಾಗ, ಖಾಲಿ ಗಣಿಯಲ್ಲಿಯೂ ಕಂಪನಗಳು ಮುಂದುವರಿದುವು.

ಇದುವರೆಗೆ ಹೇಳಿದ್ದು ನಿಂತ ಬಿರುಕಿನ ಮಾತು. ಓಡುವ ಬಿರುಕಿನದು ಬೇರೆಯೇ ಪ್ರಸಂಗ. ಕಿಟಕಿಯ ಗಾಜಿಗೆ ಚೆಂಡು ತಗುಲಿದಾಗ ಬಿರುಕು ಎಷ್ಟು ವೇಗವಾಗಿ ಓಡುತ್ತದೆ? ಕಣ್ಣಿಗೇನೋ ಅದು ಒಮ್ಮೆಲೇ ಮೂಡಿದಂತೆ ಕಾಣುತ್ತದೆ. ಆದರೆ ಅದಕ್ಕೂ ಒಂದು ವೇಗದ ಮಿತಿಯಿದೆ, ಆ ಮಿತಿ ರೇಲೀ ಅಲೆಯ ವೇಗವೇ ಆಗಿರಬೇಕೆಂದು 1957ರಲ್ಲಿ ಸ್ಟ್ರೋ ಎಂಬ ವಿಜ್ಞಾನಿ ವಾದಿಸಿದರು. ಬಿರುಕಿನ ತುದಿಗೆ ಮುಂದುವರಿಯಲು ಶಕ್ತಿ ಬೇಕು; ವೇಗ ರೇಲೀ ಮಿತಿಯನ್ನು ಸಮೀಪಿಸಿದಂತೆಲ್ಲ ತುದಿಗೆ ಹರಿದುಬರುವ ಶಕ್ತಿ ಬತ್ತುತ್ತ ಬಂದು, ಮಿತಿಯಲ್ಲಿ ಸೊನ್ನೆಯಾಗುತ್ತದೆ. ವಾಸ್ತವವಾಗಿ ಗಾಜಿನ ಬಿರುಕು ಆ ಮಿತಿಯನ್ನು ಮುಟ್ಟುವುದೂ ಇಲ್ಲ. ಸೆಕೆಂಡಿಗೆ ಸುಮಾರು 1500 ಮೀಟರಿನ, ಎಂದರೆ ಮಿತಿಯ ಅರ್ಧದ ಆಸುಪಾಸಿನಲ್ಲಿಯೇ ಅದು ತಡವರಿಸಿ, ಕವಲೊಡೆಯುತ್ತದೆ. ಒಡೆದ ಗಾಜಿನಲ್ಲಿ ಮರದ ಕೊಂಬೆಗಳಂಥ ಚಿತ್ತಾರ ಮೂಡುವುದು ಹೀಗೆ.

ಬಿರುಕಿನ ಮುಂದಣ ಅಂಚು ಒಂದು ಗೆರೆಯಷ್ಟೆ. ಓಡುವಾಗ ಆ ಗೆರೆ ದಾರಿಯಲ್ಲಿ ಗಟ್ಟಿಯಾದ ಒಂದು ಕಣವನ್ನು ಎಡವಿದರೆ, ಎಡವಿದ ಜಾಗದಿಂದ ಗೆರೆಯ ಗುಂಟ ಎರಡು ಕಡೆಗೂ ಅಲೆ ಓಡಬಹುದೆಂದು 1997ರಲ್ಲಿ ಶರದ್ ರಾಮನಾಥನ್ ಮತ್ತು ಡೇನಿಯಲ್ ಫಿಶರ್ ಲೆಕ್ಕ ಹಾಕಿದರು. ಬಿಗಿದ ಹಗ್ಗವನ್ನು ಒಂದೆಡೆ ಮೀಟಿದಂತೆ! ಅಂಥ ಅಲೆಗಳ ಗುರುತುಗಳನ್ನು ಒಡೆದ ಗಾಜಿನ ಮೈಮೇಲೆ ಕಂಡೆವೆಂದು 2001ರಲ್ಲಿ ಜೆರೂಸಲೇಮಿನ ಜೇ ಫೈನ್‌ಬರ್ಗ್ ಮತ್ತು ಸಂಗಡಿಗರು ಸಾರಿದರು. ಆದರೆ 1939ರಷ್ಟು ಹಿಂದೆಯೇ ವಾಲ್ನರ್ ಎಂಬವರು ಒಡೆದ ಗಾಜಿನಲ್ಲಿ ಗೆರೆಗಳನ್ನು ಗುರುತಿಸಿ, ಗಾಜಿನೊಳಗಿನ ಸಾಮಾನ್ಯ ಅಲೆಗಳು ಓಡುವ ಬಿರುಕಿಗೆ ತಗುಲಿದುದರಿಂದ ಅವು ಮೂಡುತ್ತವೆಂದು ತಿಳಿಸಿದ್ದರು. ಕಂಡದ್ದು ಹೊಸ ಅಲೆಯೋ ಹಳೆಯ ಗೆರೆಯೋ ಎಂದು ಕೆ. ರವಿಚಂದರ್ ಮತ್ತು ಅವರ ಜೊತೆಗಾರರು 2003ರಲ್ಲಿ ಆಕ್ಷೇಪವೆತ್ತಿದರು. ಬೆರಳ ಉಗುರಿನಷ್ಟು ಗಾಜಿನ ಚೂರಿನ ಮೇಲೆ ಪಂಡಿತರು ಇಷ್ಟು ಜಗಳವಾಡುವುದನ್ನು ನೋಡಿ ನಗು ಬರಬಹುದು. ಆದರೆ ಅದೇ ನಿಯಮಗಳು ಭೂಕಂಪಕ್ಕೂ ಅನ್ವಯಿಸುತ್ತವೆ. ಎರಡು ಮೈಗಳು ಅಗಲುವ ಬದಲು ಒಂದರ ಮೇಲೊಂದು ಜಾರುವ ಬಿರುಕು ರೇಲೀ ಮಿತಿಯನ್ನು ದಾಟಿ ಹೋಗಬಹುದೆಂದು 1970ರ ದಶಕದಲ್ಲಿ ಲೆಕ್ಕದಿಂದ ತೋರಿತು. 1999ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಅರೀಸ್ ರೊಸಾಕಿಸ್ ಅವರ ಪ್ರಯೋಗದಲ್ಲಿ ಕಣ್ಣಿಗೇ ಕಂಡಿತು. 2001ರ ನವೆಂಬರಿನಲ್ಲಿ ಟಿಬೆಟ್ಟಿನ ಉತ್ತರದ ಕುನ್‌ಲುನ್ ಪರ್ವತದ ಬುಡದಲ್ಲಿ ನೆಲ ಸುಮಾರು 400 ಕಿಲೋಮೀಟರು ಉದ್ದಕ್ಕೆ ಸೀಳಿದಾಗ, ಆ ಓಟದ ಒಂದು ಭಾಗ ಅಡ್ಡ ಅಲೆಯನ್ನೂ ಹಿಂದಿಕ್ಕಿತ್ತು. ಅಂಥ ಸೀಳು, ಶಬ್ದವೇಗವನ್ನು ಮೀರಿದ ವಿಮಾನದಂತೆ, ತನ್ನ ಎರಡು ಬದಿಗೂ ಆಘಾತದ ಅಲೆಯನ್ನು ಎಸೆಯುತ್ತ ಹೋಗುತ್ತದೆ.

ಕೊನೆಯದಾಗಿ, ಬಿರುಕಿನಲ್ಲಿ ನೀರೋ ಅನಿಲವೋ ಕರಗಿದ ಶಿಲೆಯೋ ತುಂಬಿದ್ದರೆ? 1962ರಲ್ಲಿ ಲೆನಿನ್‌ಗ್ರಾಡಿನ ಪಾವೆಲ್ ಕ್ರೌಕ್ಲಿಸ್ ಈ ಲೆಕ್ಕವನ್ನು ಬಿಡಿಸಿದಾಗ ಬಂದ ಉತ್ತರ ವಿಚಿತ್ರವಾಗಿತ್ತು. ದ್ರವ ಮುಂದಕ್ಕೆ ನೂಕಿದಾಗ ಬಿರುಕಿನ ಗೋಡೆಗಳು ತುಸು ಉಬ್ಬಿ ಜಾಗ ಕೊಡುತ್ತವೆ. ಹೀಗೆ ಉಬ್ಬುತ್ತ ತಗ್ಗುತ್ತ ಸಾಗುವ ಅಲೆ, ನೀರಿನಲ್ಲಿ ಶಬ್ದ ಸಾಗುವ ವೇಗಕ್ಕಿಂತ ಎಷ್ಟೋ ನಿಧಾನ. ಬಿರುಕು ಕಿರಿದಾದಷ್ಟೂ ಅದು ಇನ್ನೂ ನಿಧಾನ. ಇದರಿಂದಾಗಿ ಚಿಕ್ಕದೊಂದು ಬಿರುಕು, ತನ್ನ ಗಾತ್ರಕ್ಕೆ ಒಪ್ಪದಷ್ಟು ತಗ್ಗಿದ ಸ್ವರದಲ್ಲಿ ನುಡಿಯಬಲ್ಲುದು. ಕೊಳಲಿನಷ್ಟು ಉದ್ದದ ನಳಿಕೆಯಿಂದ ನಗಾರಿಯ ದನಿ ಹೊರಟಂತೆ.

ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣದಲ್ಲಿ ದುಡಿದ ಬರ್ನಾರ್ಡ್ ಶುವೆ ಎಂಬವರು ಜ್ವಾಲಾಮುಖಿಗಳ ಅಡಿಯಿಂದ ಕೇಳಿಬರುವ ಇಂಥ ತಗ್ಗಿದ ಸ್ವರದ ಕಂಪನಗಳ ಬೆನ್ನುಹತ್ತಿದರು. ಸಾಮಾನ್ಯ ಭೂಕಂಪನ ಕಲ್ಲು ಒಡೆದ ಸದ್ದು. ಇದು ಒಡೆದ ಕಲ್ಲಿನಲ್ಲಿ ಸಿಕ್ಕಿಕೊಂಡ ಅನಿಲ ಒತ್ತಡದಿಂದ ನರಳುವ ಸದ್ದು ಎಂದು 1980ರ ದಶಕದಲ್ಲಿ ಅವರು ಗಣಿತದಿಂದ ತೋರಿಸಿದರು. ಅಂಥ ಕಂಪನಗಳು ಒಟ್ಟೊಟ್ಟಿಗೆ ಬಂದರೆ ಬೆಟ್ಟದ ಬಾಯಿ ಕಟ್ಟಿದೆಯೆಂದು ಅರ್ಥ. ಅಲಾಸ್ಕದ ರಿಡೌಟ್ ಜ್ವಾಲಾಮುಖಿ 1989ರ ಡಿಸೆಂಬರಿನಲ್ಲಿ ಸಿಡಿಯುವ ಮುನ್ನ ಸುಮಾರು ಒಂದು ದಿನ ಈ ಕಂಪನಗಳು ಎಡೆಬಿಡದೆ ಬಂದಿದ್ದುವು. 1990ರ ಜನವರಿ 2ರಂದು ಅವು ಮರುಕಳಿಸಿದಾಗ ಎಚ್ಚರಿಕೆ ಹೊರಟಿತು. ಬೆಟ್ಟದ ಕೆಳಗಣ ತೈಲದಾಸ್ತಾನಿನ ಕೆಲಸಗಾರರನ್ನು ತೆರವು ಮಾಡಿಸಲಾಯಿತು. ಬೆಟ್ಟ ಅಂದೇ ಸಿಡಿಯಿತು.

ಕೊಲಂಬಿಯದ ಗಲೆರಾಸ್ ಬೆಟ್ಟದ ಕಂಪನಗಳಿಗೆ ಅಲ್ಲಿನವರು ‘ತೊರ್ನಿಯೊ’ ಎಂಬ ಹೆಸರನ್ನಿಟ್ಟಿದ್ದರು. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ತಿರುಪುಮೊಳೆ. ಕಾಗದದ ಮೇಲೆ ಅದರ ದಾಖಲೆ, ದಪ್ಪ ತಲೆಯಿಂದ ಹೊರಟು ಸಣ್ಣಗಾಗುತ್ತ ಹೋಗುವ ಮೊಳೆಯಂತೆಯೇ ಕಾಣುತ್ತದೆ. 1992ರ ಜುಲೈ 16ರ ಸಿಡಿತಕ್ಕೆ ಮುನ್ನ ಇಂಥ ಕೆಲವು ಮೊಳೆಗಳು ದಾಖಲಾಗಿದ್ದುವು. ಆ ವರ್ಷದ ಕೊನೆಯಿಂದ ಮುಂದಿನ ಜನವರಿಯವರೆಗೆ ಅವು ಮತ್ತೆ ಕಾಣಿಸಿಕೊಂಡುವು. ಆದರೆ ದಿನಕ್ಕೊಂದೋ ಎರಡೋ. ಬೆಟ್ಟದಿಂದ ಹೊರಬರುವ ಅನಿಲವೂ ಕಡಿಮೆಯಾಗಿತ್ತು. ಅನಿಲ ಕಡಿಮೆಯಾದುದು ಬೆಟ್ಟ ತಣ್ಣಗಾದ ಗುರುತೋ, ಬಾಯಿ ಕಟ್ಟಿದ ಗುರುತೋ? ಆಗ ಪಾಸ್ತೊ ಪಟ್ಟಣದಲ್ಲಿ ಜ್ವಾಲಾಮುಖಿ ತಜ್ಞರ ಸಮ್ಮೇಳನ ನಡೆದಿತ್ತು. 1993ರ ಜನವರಿ 14ರಂದು ಅವರಲ್ಲಿ ಒಂದು ತಂಡ ಅನಿಲದ ಮಾದರಿ ಸಂಗ್ರಹಿಸಲು ಬೆಟ್ಟದ ಕುಳಿಗೆ ಇಳಿಯಿತು. ಮಧ್ಯಾಹ್ನದ ಹೊತ್ತಿಗೆ ಬೆಟ್ಟ ಸಿಡಿಯಿತು. ಆರು ವಿಜ್ಞಾನಿಗಳೂ, ಬೆಟ್ಟ ನೋಡಲು ಬಂದಿದ್ದ ಮೂವರೂ ಅಸುನೀಗಿದರು.

ಅದರ ಅನಂತರ ಮೊಳೆಯಾಕಾರದ ಆ ಗೆರೆಗಳನ್ನು, ಎಷ್ಟೇ ವಿರಳವಾಗಿ ಬಂದರೂ, ಗಲೆರಾಸಿನ ವೀಕ್ಷಣಾಲಯದಲ್ಲಿ ಒಂದೊಂದನ್ನಾಗಿ ಎಣಿಸತೊಡಗಿದರು.